ಅಕ್ಕಿ ಡಬ್ಬಿಯ ಹಾರ್ಡ್ ಡಿಸ್ಕು

ನಮ್ಮ ಭಾವ ತಮ್ಮ ಮದುವೆಗೆ ತಾವೇ ಬಂದಿರಲಿಲ್ಲ ಎಂದರೆ ನೀವು ನಂಬುವುದಿಲ್ಲ. ಬೇಕಾದರೆ ಫಿಲಂ ತೋರಿಸುತ್ತೇನೆ! ಮೂರು ನಿಮಿಷದ್ದು, ಮಾತಿಲ್ಲದ್ದು. ಅದರಲ್ಲಿ ಮದುಮಗಳಾದ ನನ್ನ ಅಕ್ಕ ಇದ್ದಾಳೆ, ಪುರೋಹಿತರಿದ್ದಾರೆ, ಹೋಮದ ಹೊಗೆಗೆ ಕಣ್ಣುಜ್ಜಿಕೊಳ್ಳುತ್ತಿರುವ ಲಂಗದ ಹುಡುಗಿ ನಾನೂ ಇದ್ದೇನೆ. ಅಕ್ಕನ ಪಕ್ಕದ ಮಣೆ ಮಾತ್ರ ಖಾಲಿ. ನೋಡಿದವರೆಲ್ಲ, "ಮದುಮಗ ಎಲ್ಲಿ ಮಾರಾಯ್ತಿ?" ಎಂದು ಕೇಳುತ್ತಾರೆ. ಮದುಮಗ ಎಲ್ಲಿರುತ್ತಾರೆ? ಕ್ಯಾಮೆರಾದ ಹಿಂದೆ! ಹಣೆಯ ಬಾಸಿಂಗವನ್ನು ನೆತ್ತಿಗೆ ಸರಿಸಿಕೊಂಡು, ಒಂದು ಕಣ್ಣು ಮುಚ್ಚಿ, ಕಂಬಕ್ಕೆ ಒರಗಿ ತಮ್ಮದೇ ಮದುವೆಯನ್ನು ತೆಗೆಯುತ್ತಿದ್ದಾರೆ. "ಮಂತ್ರ ಯಾರಿಗೆ ಹೇಳ್ಲಿ ನಾನು? ಮಣೆಗಾ?" ಎಂದು ಪುರೋಹಿತರು ರೇಗಿದ ಮೇಲೆ ಬಂದು ಕೂತರು. ಫಿಲಮ್ಮಿನಲ್ಲಿ ಧ್ವನಿ ಇಲ್ಲದಿದ್ದರೂ ಆ ಬೈಗುಳ ನನಗೆ ಇವತ್ತಿಗೂ ಕೇಳಿಸುತ್ತದೆ.

ಭಾವನಿಗೆ ಹೊಸನಗರದಲ್ಲಿ ಒಂದು ಸ್ಟುಡಿಯೋ ಇದೆ. ಮದುವೆ, ಉಪನಯನ, ಗೃಹಪ್ರವೇಶಗಳ ವಿಡಿಯೋ ತೆಗೆಯುವುದು ಕಸುಬು. ಅವರು ವಿದ್ಯೆ ಕಲಿತದ್ದು ರೀಲಿನ ಕಾಲದ ಗುರುಗಳೊಬ್ಬರ ಕೈಕೆಳಗೆ. ಆಗ ರೀಲು ತರಿಸುವುದೇ ಒಂದು ಸಾಹಸ. ತೆಗೆದದ್ದನ್ನು ಟಪಾಲಿನಲ್ಲಿ ಮುಂಬಯಿಗೆ ಕಳಿಸಿ ತೊಳೆಸಬೇಕಿತ್ತು. ಅದರಲ್ಲಿ ಮದುಮಗಳು ಬಂದಿದ್ದಾಳೋ, ಬರೀ ಕತ್ತಲೆ ಬಂದಿದೆಯೋ ಗೊತ್ತಾಗುವಷ್ಟರಲ್ಲಿ ಆ ಮದುಮಗಳು ಬಾಣಂತನಕ್ಕೆ ತವರಿಗೆ ಬಂದಿರುತ್ತಿದ್ದಳು! ಹಾಗಾಗಿ ಗುರುಗಳದ್ದು ಕಟ್ಟಪ್ಪಣೆ: ಮೊದಲು ಬರಿಗಣ್ಣಲ್ಲಿ ನೋಡು, ಕಾಯಿ. ಒತ್ತಲೇಬೇಕು ಅನ್ನಿಸಿದಾಗ ಉಸಿರು ಹಿಡಿದು ಗುಂಡಿ ಒತ್ತು. ಒತ್ತಿ ಹಿಡಿದಷ್ಟು ಹೊತ್ತೂ ರೀಲು ಖರ್ಚು, ಹತ್ತು ಎಣಿಸುವುದರೊಳಗೆ ಬೆರಳು ಎತ್ತು. ರೀಲು ಹೋಗಿ ಟೇಪು ಬಂತು, ಟೇಪು ಹೋಗಿ ಕಾರ್ಡು ಬಂತು, ಗುರುಗಳೂ ಹೋದರು. ಭಾವ ಮಾತ್ರ ಇವತ್ತಿಗೂ ಉಸಿರು ಹಿಡಿದೇ ಒತ್ತುತ್ತಾರೆ, ಹತ್ತರೊಳಗೇ ಎತ್ತುತ್ತಾರೆ. ಇಡೀ ದಿನ ತೆಗೆದರೂ ತುಂಬದ ಕಾರ್ಡಿನ ಮೇಲೆ ಇಂಥ ಜಿಪುಣತನ ಮಾಡುವವರು ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲೂಕನ್ನು ಸೋಸಿದರೂ ಸಿಗಲಿಕ್ಕಿಲ್ಲ.

ಇನ್ನೊಂದು ವಿಚಿತ್ರವೆಂದರೆ, ಕೈಯಲ್ಲಿ ಕ್ಯಾಮೆರಾ ಇಲ್ಲದಿದ್ದರೂ ಅವರ ಬೆರಳು ಸುಮ್ಮನಿರುವುದಿಲ್ಲ. ಬಸ್ಸಿನಲ್ಲಿ ಯಾರೋ ಅಜ್ಜಿ ಎಲೆ ಅಡಿಕೆಯ ಕವಳ ಹಾಕುತ್ತ ಬೊಚ್ಚು ಬಾಯಿ ಬಿಟ್ಟು ನಕ್ಕರೆ, ಭಾವನ ಬಲಗೈ ತೋರುಬೆರಳು ತೊಡೆಯ ಮೇಲೆ ತಾನಾಗಿ ಬಾಗುತ್ತದೆ. ಉಸಿರು ನಿಲ್ಲುತ್ತದೆ. ಸ್ವಲ್ಪ ಹೊತ್ತಿಗೆ ಬೆರಳು ಎದ್ದರೆ ಶಾಟ್ ಮುಗಿಯಿತು ಎಂದರ್ಥ. ಬಾಯಲ್ಲಿ ಹೊಗಳುವ ಅಭ್ಯಾಸ ಅವರಿಗಿಲ್ಲ. ಹೊಸ ಸೀರೆ ಉಟ್ಟಾಗ ಅಕ್ಕ ಅವರ ಮುಖ ನೋಡುವುದಿಲ್ಲ, ಬೆರಳು ನೋಡುತ್ತಾಳೆ. ಬಾಗದಿದ್ದರೆ ಸೀರೆ ಅಂಗಡಿಗೆ ವಾಪಸ್!

ಒಮ್ಮೆ ನಾನು ತಡೆಯಲಾರದೆ ಕೇಳಿದೆ. "ಭಾವ, ಈಗ ಎಲ್ಲ ಪುಕ್ಕಟೆ ಅಲ್ದಾ? ಬೆಳಿಗ್ಗೆ ಒತ್ತಿ ಸಂಜೆ ಎತ್ತಿದ್ರೆ ಆಯ್ತಪ್ಪ."

ಭಾವನಿಗೆ ಮೈಯೆಲ್ಲ ಉರಿಯಿತು. "ಪುಕ್ಕಟೆ ಅಂತ ಯಾರು ಹೇಳಿದ್ದು ನಿಂಗೆ? ರೀಲಿನ ಖರ್ಚು ಒತ್ತೋಕೆ ಮುಂಚೆ, ಇದ್ರ ಖರ್ಚು ಒತ್ತಿದ ಮೇಲೆ, ಅಷ್ಟೇ ವ್ಯತ್ಯಾಸ. ಹತ್ತು ತಾಸು ತೆಗ್ದ್ರೆ ಹತ್ತು ತಾಸು ಕೂತು ನೋಡೋದು ಯಾರು? ನೀ ಬರ್ತೀಯಾ? ಕಾರ್ಡಿಂದ ಡಿಸ್ಕಿಗೆ ಇಳಿಸ್ಬೇಕು, ಅದಕ್ಕೊಂದು ಕಾಪಿ ಮಾಡ್ಬೇಕು. ಈಗಿನ ಫೋರ್ ಕೆ ವಿಡಿಯೋ ಅಂದ್ರೆ ಹಳೇ ಕಂಪ್ಯೂಟರ್ ಅಲ್ಲೇ ಮಕಾಡೆ ಮಲಗ್ತದೆ, ಹೊಸದು ತರ್ಬೇಕು. ಇಷ್ಟೆಲ್ಲ ಮಾಡಿ ಸಿಗೋದೆಂತ? ಮದುಮಗಳ ಮುಖದ ಪೌಡರು ಒಂದೊಂದೇ ಕಾಳು ಕಾಣ್ತದೆ! ಮತ್ತೆ ನಾಲ್ಕು ವರ್ಷಕ್ಕೆ ಡಿಸ್ಕ್ ಸಾಯ್ತದೆ, ಮತ್ತೆ ಕಾಪಿ. ರೀಲು ಹಾಗಲ್ಲ ಮಾರಾಯ್ತಿ, ಅಳತೆ ಹಾಕಿ ಅಡುಗೆ ಮಾಡ್ದಂಗೆ. ಇದು ಊರಿಗೆಲ್ಲ ಬೇಯ್ಸಿ ಹಾಕಿ ಆಮೇಲೆ ಪಾತ್ರೆ ತೊಳ್ಯೋದು!"

"ಪಾತ್ರೆ ತೊಳ್ಯೋರು ಯಾರು ಅಂತಾನೂ ಹೇಳಿ ಒಂಚೂರು!" ಒಳಗಿನಿಂದ ಅಕ್ಕನ ದನಿ ಬಂತು.

ಕಾಪಿ ಎಂದಾಗ ನೆನಪಾಯಿತು. ನಮ್ಮ ಕಡೆ ಮಳೆಗಾಲದಲ್ಲಿ ಲೆನ್ಸಿಗೂ ಬೂಷ್ಟು ಹಿಡಿಯುತ್ತದೆ, ಡಿಸ್ಕಿಗೂ ತೇವ ಏರುತ್ತದೆ. ಅಕ್ಕಿ ತೇವ ಎಳೆದುಕೊಳ್ಳುತ್ತದೆ ಎಂದು ಭಾವ ಲೆನ್ಸು, ಡಿಸ್ಕು ಎಲ್ಲವನ್ನೂ ಬಟ್ಟೆಚೀಲದಲ್ಲಿ ಕಟ್ಟಿ ಅಕ್ಕನ ಅಕ್ಕಿ ಡಬ್ಬಿಯಲ್ಲಿ ಹೂತಿಡುತ್ತಾರೆ. ಅವರ ಮನೆ, ಅವರ ಅಕ್ಕಿ, ಇಟ್ಟುಕೊಳ್ಳಲಿ. ಆದರೆ ಒಂದು ದಿನ ಸಾಗರದ ನಮ್ಮ ಮನೆಯ ಅಕ್ಕಿ ಡಬ್ಬಿಗೆ ಕೈ ಹಾಕಿದರೆ ಗಟ್ಟಿಯಾದದ್ದೇನೋ ಸಿಗಬೇಕೇ! ಕಿಟಾರನೆ ಕಿರುಚಿ, ಆಮೇಲೆ ಧೈರ್ಯ ಮಾಡಿ ಚೀಲ ಬಿಚ್ಚಿ ನೋಡಿ, ಭಾವನಿಗೆ ಫೋನು ಮಾಡಿದೆ.

"ಅದಾ? ಅದು ಎರಡನೇ ಕಾಪಿ, ಹಾಗೇ ಇಡು," ಎಂದರು ತಣ್ಣಗೆ. "ಎರಡೂ ಕಾಪಿ ಒಂದೇ ಮನೇಲಿ ಇಡ್ಬಾರ್ದು."

"ಇಡುವಾಗ ಒಂದು ಮಾತು ಹೇಳೋದಲ್ವಾ?"

"ಹೇಳಿದ್ರೆ ನೀ ಒಪ್ತಿದ್ಯಾ?"

ಅಂತೂ ಯಾರ್ಯಾರದೋ ಮದುವೆಗಳು ನನ್ನ ಅಡುಗೆಮನೆಯಲ್ಲಿ ಸಂಸಾರ ಹೂಡಿದವು. ಊಟಕ್ಕೆ ಬಂದವರ ಮುಂದೆ ನಾನು ಈ ವಿಷಯ ಎತ್ತುವುದಿಲ್ಲ.

ನಮ್ಮ ಕಡೆ ಮದುವೆ ವಿಡಿಯೋ ಎಂದರೆ ಊಟದ ಪಂಕ್ತಿ ಪೂರ್ತಿ ಬರಲೇಬೇಕು. ಯಾರಾದರೂ ಬಿಟ್ಟುಹೋದರೆ ಸಂಬಂಧವೇ ಕೆಟ್ಟೀತು. ಇದು ಗೊತ್ತಿದ್ದೂ ಭಾವ ಒಂದು ಸಲ ವರದಮೂಲದ ಕಡೆಯ ಮದುವೆಯಲ್ಲಿ ಪಂಕ್ತಿಗೆ ಪಂಕ್ತಿಯನ್ನೇ ಬಿಟ್ಟು ಬಂದರು. ಮದುಮಗಳ ಅಪ್ಪ ಸ್ಟುಡಿಯೋಕ್ಕೇ ಬಂದು ಹಾರಾಡಿದರು. "ನಮ್ಮ ಷಡ್ಡಕ ಹೋಳಿಗೆ ತಿಂದಿದ್ದೇ ಇಲ್ವಲ್ರೀ ಇದ್ರಲ್ಲಿ!"

"ತಿಂದಿದ್ದು ಅವ್ರಿಗೆ ನೆನಪಿರ್ತದಲ್ಲ?" ಎಂದರು ಭಾವ. ಇಂಥವರನ್ನು ಮುಂದಿನ ಮದುವೆಗೆ ಯಾರು ಕರೆಯುತ್ತಾರೆ ಹೇಳಿ?

ಆದರೆ ಕೆಲವು ತಿಂಗಳ ಮೇಲೆ ಅದೇ ಮನುಷ್ಯ ಮೆತ್ತಗೆ ಬಂದು ಇನ್ನೊಂದು ಕಾಪಿ ಕೇಳಿದರು. ಅವರ ತಾಯಿ ಕಂಬದ ಮರೆಯಲ್ಲಿ ತಮ್ಮ ಕಿವಿಯ ಓಲೆ ಬಿಚ್ಚಿ ಮೊಮ್ಮಗಳ ಮುಷ್ಟಿಗೆ ತುರುಕುವುದು ಅದರಲ್ಲಿತ್ತು. "ನಾವು ಮನೆಯವ್ರೇ ಇದನ್ನ ನೋಡಿರ್ಲಿಲ್ಲ," ಎಂದರಂತೆ. ನಾನು ಭಾವನನ್ನು ಎಷ್ಟೇ ಆಡಿಕೊಳ್ಳಲಿ, ಈ ಒಂದು ವಿಷಯದಲ್ಲಿ ಅವರಿಗೆ ಕೈ ಮುಗಿಯುತ್ತೇನೆ. ಕಾದು ನೋಡುವವರಿಗೆ ಕಾಣುವುದು ಒತ್ತಿಕೊಂಡೇ ಇರುವವರಿಗೆ ಕಾಣುವುದಿಲ್ಲ.

ಇಂಥವರ ಒಬ್ಬಳೇ ಮಗಳಿಗೆ ಮೊನ್ನೆ ಮದುವೆ ಗೊತ್ತಾಯಿತು. ತೀರ್ಥಹಳ್ಳಿಯ ಕಾಲೇಜಿನಲ್ಲಿ ಪಾಠ ಹೇಳುವ ಹುಡುಗಿ, ಮಾತು ಚುರುಕು. ಭಾವ ಲೆನ್ಸುಗಳನ್ನೆಲ್ಲ ಅಕ್ಕಿಯಿಂದ ತೆಗೆದು ಒರೆಸಿ ಸಾಲಾಗಿ ಇಟ್ಟುಕೊಂಡು ಕೂತಿದ್ದಾಗ ಬಾಂಬು ಹಾಕಿದಳು. "ಅಪ್ಪ, ವಿಡಿಯೋಕ್ಕೆ ಶಿವಮೊಗ್ಗದವ್ರಿಗೆ ಹೇಳಿದ್ದೀನಿ. ಆವತ್ತು ನೀನು ಕ್ಯಾಮೆರಾ ಮುಟ್ಬಾರ್ದು."

ಭಾವ ಲೆನ್ಸುಗಳನ್ನು ಮತ್ತೆ ಚೀಲಕ್ಕೆ ಹಾಕಿದರು. ಆಮೇಲೆ ನನಗೆ ಫೋನು ಮಾಡಿ, ಅದೂ ಇದೂ ಮಾತಾಡಿ, ಕೊನೆಗೆ ಕೇಳಿದರು. "ನನ್ನ ಕೆಲ್ಸ ಅಷ್ಟು ಹಳೇದಾಯ್ತೇನೇ?"

ಅವರು ಫೋನು ಇಟ್ಟದ್ದೇ ತಡ, ಆ ಹುಡುಗಿಗೆ ಸರಿಯಾಗಿ ಬೈಯಬೇಕೆಂದು ಫೋನು ಮಾಡಿದೆ. ನಾನು ಬೈದು ಮುಗಿಸಿದ ಮೇಲೆ ಹೇಳಿದಳು. "ಚಿಕ್ಕಿ, ನಮ್ಮನೇಲಿರೋ ವಿಡಿಯೋ ಎಲ್ಲ ಕೂತು ನೋಡ್ದೆ. ಒಂದ್ರಲ್ಲೂ ಅಪ್ಪ ಇಲ್ಲ. ನನ್ನ ಹುಟ್ಟುಹಬ್ಬದಲ್ಲಿಲ್ಲ, ಅಮ್ಮನ ಮದುವೇಲೂ ಇಲ್ಲ. ನನ್ನ ಮದುವೇಲಾದ್ರೂ ಇರ್ಲಿ. ಒಂದು ಕ್ಯಾಮೆರಾ ಬರೀ ಅಪ್ಪನ ಮೇಲೆ ಇಡಿ, ನಿಲ್ಲಿಸ್ಲೇಬೇಡಿ ಅಂತ ಅವ್ರಿಗೆ ಹೇಳಿದ್ದೀನಿ. ಅಪ್ಪಂಗೆ ಹೇಳ್ಬೇಡ ಮತ್ತೆ, ಕಂಬದ ಹಿಂದೆ ಹೋಗಿ ನಿಂತ್ಬಿಡ್ತಾನೆ."

ಮದುವೆ ಹೊಸನಗರದ ಕಲ್ಯಾಣ ಮಂಟಪದಲ್ಲಿ. ಶಿವಮೊಗ್ಗದ ಹುಡುಗರು ಚಪ್ಪಲಿ ರಾಶಿಯಿಂದಲೇ ಶುರು ಮಾಡಿದರು. ಭಾವನಿಗೆ ತಡೆಯಲಾಗಲಿಲ್ಲ. "ಸಾಕು ಮಾರಾಯ, ಚಪ್ಪಲಿಗೆ ಎಂತ ಮದುವೆಯಾ?" ಎಂದರು. ಬೀಗರನ್ನು ಎದುರುಗೊಳ್ಳುವಾಗಲೂ ಕಣ್ಣು ಕ್ಯಾಮೆರಾ ಕಡೆಗೇ. ಆ ಹುಡುಗರಲ್ಲೊಬ್ಬ ಕ್ಯಾಮೆರಾ ಹಿಡಿದು ತಮ್ಮ ಬೆನ್ನು ಬಿಡದಿದ್ದುದನ್ನು ಕಂಡು, "ಮದುಮಗಳು ಅಲ್ಲಿದ್ದಾಳೆ! ನನ್ನ ಹಿಂದೆ ಎಂತಕ್ಕೆ ಸುತ್ತೋದು ನೀನು?" ಎಂದು ಗದರಿದರು. ಅವನು ಪಾಪ, ತಲೆಯಾಡಿಸಿ ಹಿಂಬಾಲಿಸುತ್ತಲೇ ಇದ್ದ. ಇಂಥ ದಡ್ಡನನ್ನು ಯಾರು ಕೆಲಸಕ್ಕಿಟ್ಟುಕೊಂಡರು ಎಂದು ಭಾವ ನನ್ನ ಹತ್ತಿರ ದೂರಿದರು.

ಮದುವೆಯಾದ ಮೇಲೆ ಮಗಳು ಮೊದಲ ಸಲ ತವರಿಗೆ ಬಂದಾಗ ಡಿಸ್ಕು ತಂದು ಟಿವಿಗೆ ಸಿಕ್ಕಿಸಿದಳು. ನಾನೂ ಇದ್ದೆ. ಪರದೆಯ ತುಂಬ ಭಾವ! ಭಾವ ಓಡಾಡುತ್ತಾರೆ, ಭಾವ ಬೆವರೊರೆಸುತ್ತಾರೆ, ಭಾವ ಪಂಚೆ ಸರಿಮಾಡಿಕೊಳ್ಳುತ್ತಾರೆ. ಪಕ್ಕದಲ್ಲಿ ಕೂತ ನಿಜವಾದ ಭಾವ ಮುಜುಗರಕ್ಕೆ ಗೊಣಗತೊಡಗಿದರು. "ಇದೆಂತ ಇದು? ಎಲ್ಲ ವೇಸ್ಟು. ಕೊಡು ಇಲ್ಲಿ, ಕಟ್ ಮಾಡಿ ಐದು ನಿಮಿಷಕ್ಕೆ ತರ್ತೀನಿ."

"ಸುಮ್ನೆ ನೋಡಿ. ನಿಮ್ಮ ಬೆರಳು ನೋಡಿ," ಎಂದಳು ಅಕ್ಕ.

ನೋಡಿದೆವು. ಮಗಳು ಮಂಟಪಕ್ಕೆ ಬಂದಾಗ ತೋರುಬೆರಳು ಬಾಗಿತು, ಎದ್ದಿತು. ಅಕ್ಕ ಯಾವುದಕ್ಕೋ ನಕ್ಕಾಗ ಬಾಗಿತು, ಎದ್ದಿತು. ಧಾರೆಯೆರೆಯುವಾಗ, ಕೈಮೇಲೆ ನೀರು ಹರಿಯುತ್ತಿದ್ದಾಗಲೂ ಬಾಗಿತು! ಕ್ಯಾಮೆರಾ ಮುಟ್ಟಬೇಡ ಎಂದರೆ ಈ ಮನುಷ್ಯ ಬರಿಗೈಯಲ್ಲೇ ಇಡೀ ಮದುವೆ ತೆಗೆದಿದ್ದರು. ನಾವು ನಕ್ಕು ನಕ್ಕು ಸುಸ್ತಾದೆವು.

ಆಮೇಲೆ ಮಗಳನ್ನು ಕಳಿಸಿಕೊಡುವ ಹೊತ್ತು ಬಂತು. ಅವಳು ಹೋಗುತ್ತಿದ್ದುದೇನು ಪರದೇಶಕ್ಕಲ್ಲ, ಇಲ್ಲೇ ತೀರ್ಥಹಳ್ಳಿ ಹತ್ತಿರದ ಮೇಗರವಳ್ಳಿಗೆ. ಕಾರು ಹೊರಟಾಗ ಬೆರಳು ಬಾಗಿತು. ಕಾರು ಗೇಟು ದಾಟಿತು, ತಿರುವಿನಲ್ಲಿ ಮರೆಯಾಯಿತು. ಬೆರಳು ಏಳಲಿಲ್ಲ. ಜನ ಒಳಗೆ ಹೋದರು, ಹಿಂದೆ ಕುರ್ಚಿ ಮಡಚುವ ಸದ್ದು ಶುರುವಾಯಿತು, ಭಾವ ಖಾಲಿ ರಸ್ತೆ ನೋಡುತ್ತ ಹಾಗೇ ನಿಂತಿದ್ದರು. ಬೆರಳು ಬಾಗಿಯೇ ಇತ್ತು. ಜನ್ಮದಲ್ಲಿ ಹತ್ತರ ಮೇಲೆ ಎಣಿಸದ ಮನುಷ್ಯ! ಆ ದಡ್ಡ ಹುಡುಗ, ದೇವರು ಅವನನ್ನು ಚೆನ್ನಾಗಿಟ್ಟಿರಲಿ, ಕ್ಯಾಮೆರಾ ನಿಲ್ಲಿಸಿರಲಿಲ್ಲ.

ಮಗಳು ಅಪ್ಪನ ಬಲಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು, ಆ ಬೆರಳನ್ನು ಹಿಡಿದುಕೊಂಡಳು.

"ಅಪ್ಪ, ರೀಲು ಮುಗ್ದು ಎಷ್ಟೊತ್ತಾಯ್ತು," ಎಂದಳು.

"ಇದನ್ನ ಕಟ್ ಮಾಡೋದು ಬೇಡ. ಎಲ್ಲ ಇರ್ಲಿ," ಎಂದರು ಭಾವ. ಆಮೇಲೆ ನನ್ನ ಕಡೆ ತಿರುಗಿ, ಮೊದಲ ಬಾರಿಗೆ ಅನುಮತಿ ಕೇಳಿದರು. "ಎರಡನೇ ಕಾಪಿ ನಿಮ್ಮನೇಲಿ ಇಡ್ಲಾ?"

ಅದು ಈಗ ನಮ್ಮ ಅಕ್ಕಿ ಡಬ್ಬಿಯಲ್ಲಿದೆ. ಅನ್ನಕ್ಕೆ ಅಕ್ಕಿ ತೆಗೆಯುವಾಗ ಕೈಗೆ ತಾಗಿದರೆ ನಾನು ಕಿರುಚುವುದಿಲ್ಲ. ಇನ್ನೂ ಸ್ವಲ್ಪ ಆಳಕ್ಕೆ ಒತ್ತಿ, ಮೇಲೆ ಎರಡು ಬೊಗಸೆ ಅಕ್ಕಿ ಎಳೆದು ಮುಚ್ಚುತ್ತೇನೆ.