ಪ್ರಸ್ಥಾನಕ್ಕೆ ಇಟ್ಟ ಚೀಲ

ಹೆಂಡತಿಯ ಕಣ್ಣಿಗೆ ಬೀಳದ ಹಾಗೆ ಬೀರುವಿನಲ್ಲಿ ಪಂಚೆಯ ಮಡಿಕೆಯೊಳಗೆ ಇಟ್ಟುಕೊಂಡು ಓದುವ ಪುಸ್ತಕವೊಂದು ನನ್ನ ಬಳಿ ಇದೆ. ತಪ್ಪು ತಿಳಿಯಬೇಡಿ, ಅದು ರೈಲ್ವೆ ವೇಳಾಪಟ್ಟಿ. ಹುಣಸೂರಿನವನಿಗೆ ಈ ಚಟ ಹೇಗಪ್ಪಾ ಅಂಟಿತು ಎಂದರೆ, ಹುಣಸೂರಿಗೆ ರೈಲಿಲ್ಲವಲ್ಲ, ಅದಕ್ಕೇ ಅಂಟಿತು. ಪಿರಿಯಾಪಟ್ಟಣಕ್ಕೂ ಇಲ್ಲ, ಎಚ್.ಡಿ. ಕೋಟೆಗಂತೂ ಇಲ್ಲವೇ ಇಲ್ಲ. ಸುತ್ತಮುತ್ತ ರೈಲಿನ ಕೂಗು ಕೇಳುವ ಭಾಗ್ಯ ಕೆ.ಆರ್. ನಗರದವರಿಗೆ ಮಾತ್ರ. ಕುಶಾಲನಗರಕ್ಕೆ ಹೋಗುವ ರೈಲು ನಮ್ಮೂರ ಮೇಲೆ ಬರುತ್ತದಂತೆ ಎಂದು ನಾನು ಚಡ್ಡಿ ಹಾಕುತ್ತಿದ್ದ ಕಾಲದಲ್ಲಿ ಕೇಳಿದ್ದೆ. ಈಗ ಪಿಂಚಣಿ ತೆಗೆದುಕೊಳ್ಳುತ್ತಿದ್ದೇನೆ, ಇನ್ನೂ ಕೇಳುತ್ತಲೇ ಇದ್ದೇನೆ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದಷ್ಟು ಕಾಲ ಊರವರ ಅರ್ಜಿಗಳನ್ನು ಓದಿ ಓದಿ ಸಾಕಾಗಿತ್ತು. ನಿವೃತ್ತನಾದ ಮೇಲೆ ನಾನೇ ಅರ್ಜಿ ಬರೆಯಲು ಶುರು ಮಾಡಿದೆ. ಪತ್ರಿಕೆಗಳಿಗೆ ನಾನು ಕಳಿಸುವ ಪತ್ರಗಳ ಸಾರಾಂಶ ಒಂದೇ: ವಿಮಾನ ನಿಲ್ದಾಣದ ಬಳಿಗೆ ರೈಲು ಬಂದರೆ ಸಾಲದು, ಆ ರೈಲಿಗೆ ಈ ರೈಲು, ಈ ರೈಲಿಗೆ ನಮ್ಮೂರ ಬಸ್ಸು ಹೊಂದಿಕೊಳ್ಳಬೇಕು, ನಮ್ಮ ಕಡೆಯ ಹಾರನಹಳ್ಳಿಯಲ್ಲಿ ಬಸ್ಸು ಹತ್ತಿದವನು ಒಂದೇ ಟಿಕೆಟ್ಟಿನಲ್ಲಿ ವಿಮಾನದ ಬಾಗಿಲಿಗೆ ಹೋಗಿ ನಿಲ್ಲಬೇಕು. ಪತ್ರಿಕೆಯವರು ನಾಲ್ಕರಲ್ಲಿ ಒಂದನ್ನು, ಅದರಲ್ಲೂ ನಾಲ್ಕು ಸಾಲನ್ನು ಹಾಕುತ್ತಾರೆ. ಆ ನಾಲ್ಕು ಸಾಲನ್ನು ಕತ್ತರಿಸಿ ಅಂಟಿಸಿಟ್ಟಿದ್ದೇನೆ.

ಇಷ್ಟು ಬರೆದವನ ಮನೆಯಿಂದಲೇ ಒಬ್ಬರು ವಿಮಾನ ಹತ್ತುವ ಸಂದರ್ಭ ಬಂದಾಗ ನನ್ನ ಸಂಭ್ರಮ ಹೇಗಿದ್ದೀತು, ನೀವೇ ಯೋಚಿಸಿ. ಹತ್ತಬೇಕಾಗಿದ್ದವಳು ನನ್ನ ಹೆಂಡತಿ ಸರೋಜ. ಹಾರನಹಳ್ಳಿ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರಾಗಿದ್ದವಳು. ಮೂವತ್ತು ವರ್ಷ ಬೇರೆಯವರ ಮಕ್ಕಳನ್ನು ಓಡಿಸಿದಳು, ಎಸೆಯಲು ಕಲಿಸಿದಳು. ತಾನು ಮಾತ್ರ ಯಾವ ಮೈದಾನದಲ್ಲೂ ಸ್ಪರ್ಧಿಯಾಗಿ ನಿಂತವಳಲ್ಲ. ಅರವತ್ತು ತುಂಬಿದ ಮೇಲೆ ಹಿರಿಯರ ಕ್ರೀಡಾಕೂಟ ಎಂಬುದೊಂದಿದೆ ಎಂದು ಗೊತ್ತಾಗಿ, ಮನೆಯ ಹಿಂದಿನ ಖಾಲಿ ಸೈಟಿನಲ್ಲಿ ಮೂರು ಕೆಜಿಯ ಕಬ್ಬಿಣದ ಗುಂಡನ್ನು ದಿನಾ ಬೆಳಿಗ್ಗೆ ಎಸೆಯತೊಡಗಿದಳು. ರಾಜ್ಯ ಮಟ್ಟದಲ್ಲಿ ಗೆದ್ದಳು. ರಾಷ್ಟ್ರಮಟ್ಟಕ್ಕೆ ಭೋಪಾಲಿಗೆ ಹೊರಟಳು. ಹೊರಟಳು ಅಷ್ಟೇ, ತಲುಪಲಿಲ್ಲ. ಕಾರಣ ಈ ಮಹಾನುಭಾವ, ಅಂದರೆ ಸಿದ್ದಣ್ಣನಾದ ನಾನೇ. ಕೆ.ಆರ್. ನಗರದ ರೈಲಿನಿಂದ ಮೈಸೂರಿನ ರೈಲಿಗೆ ಹನ್ನೊಂದು ನಿಮಿಷ ಸಾಕು ಎಂದು ಲೆಕ್ಕ ಹಾಕಿದ್ದೆ. ಮೈಸೂರಿನ ಪ್ಲಾಟ್‌ಫಾರಮ್ಮಿನಲ್ಲಿ ನಾವು ಕಂಡಿದ್ದು ಆ ರೈಲಿನ ಬೆನ್ನನ್ನು ಮಾತ್ರ. ಸರೋಜ ಬೈಯಲಿಲ್ಲ. ಪೆಟ್ಟಿಗೆಯ ಮೇಲೆ ಕುಳಿತು ಖಾಲಿ ಹಳಿಯನ್ನೇ ನೋಡುತ್ತಿದ್ದಳು. ಬೈದಿದ್ದರೆ ವಾಸಿಯಾಗಿತ್ತು. ನನಗೆ ಅಷ್ಟು ನಾಚಿಕೆಯಾದ ದಿನ ಇನ್ನೊಂದಿಲ್ಲ.

ಈ ಸಲದ ಕೂಟ ಗುವಾಹಟಿಯಲ್ಲಿ. ಸೋಮವಾರ ಸಂಜೆ ಐದೂ ಮುಕ್ಕಾಲಿಗೆ ಬೆಂಗಳೂರಿನಿಂದ ವಿಮಾನ, ಮರುದಿನ ಬೆಳಿಗ್ಗೆಯೇ ಗುಂಡು ಎಸೆತ. "ಮೈಸೂರಿಂದ ಏರ್‌ಪೋರ್ಟಿಗೆ ಸೀದಾ ಬಸ್ಸಿದೆ ಕಣ್ರೀ, ಸುಮ್ನೆ ಅದರಲ್ಲಿ ಹೋಗೋಣ" ಅಂದಳು ಸರೋಜ. ಬಸ್ಸೇ! ಇಷ್ಟು ಪತ್ರ ಬರೆದ ನಾನು ಬಸ್ಸಿನಲ್ಲೇ? ನನ್ನ ಬಳಿ ಐದು ಕೊಂಡಿಯ ಸರಪಳಿ ಸಿದ್ಧವಾಗಿತ್ತು. ಹುಣಸೂರಿನಿಂದ ಕೆ.ಆರ್. ನಗರಕ್ಕೆ ಬಸ್ಸು, ಅಲ್ಲಿಂದ ಮೈಸೂರಿಗೆ ರೈಲು, ಮೈಸೂರಿನಿಂದ ಬೆಂಗಳೂರಿಗೆ ರೈಲು, ಬೆಂಗಳೂರಿನಿಂದ ವಿಮಾನ ನಿಲ್ದಾಣದ ಪಕ್ಕದ ಪುಟ್ಟ ಸ್ಟೇಷನ್ನಿಗೆ ಮತ್ತೊಂದು ರೈಲು, ಅಲ್ಲಿಂದ ಟರ್ಮಿನಲ್ಲಿಗೆ ಚಿಕ್ಕ ಬಸ್ಸು. ಇದನ್ನು ಸಾಧಿಸಿ ತೋರಿಸಿದರೆ ನನ್ನ ಮುಂದಿನ ಪತ್ರಕ್ಕೆ ಎಂಥ ತೂಕ! ಸರೋಜ ನನ್ನ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದಳು. "ಆಯ್ತು. ಆದ್ರೆ ಈ ಸಲ ತಪ್ಪಿದ್ರೆ ನಾನು ಮತ್ತೆ ಗುಂಡು ಮುಟ್ಟಲ್ಲ. ಇಷ್ಟೇ ನಾನು ಹೇಳೋದು" ಅಂದಳು. ಅವಳು ಮಾತು ತಪ್ಪುವವಳಲ್ಲ. ಅಂದಿನಿಂದ ನನಗೆ ಸರಿಯಾಗಿ ಊಟ ಸೇರಲಿಲ್ಲ.

ಇಲ್ಲಿ ಪಕ್ಕದ ಮನೆಯ ಪುಟ್ಟತಾಯಮ್ಮನನ್ನು ನಿಮಗೆ ಪರಿಚಯಿಸಬೇಕು. ಎರಡು ಹಸು ಕಟ್ಟಿಕೊಂಡು ಬೀದಿಗೆಲ್ಲ ಹಾಲು ಹಾಕುವ ಹೆಂಗಸು. ತೌರು ಅಂತರಸಂತೆಯ ಕಡೆ. ಕಾಕನಕೋಟೆ ಕಾಡಿನ ರಸ್ತೆಯಲ್ಲಿ ಆನೆ ದಾಟಿದ ಮೇಲೆ ಬರುವ ಬಸ್ಸನ್ನು ಕಾದು ಬೆಳೆದವಳು. ಗಡಿಯಾರ ನೋಡಿ ಪ್ರಯಾಣ ಮಾಡುವವರನ್ನು ಕಂಡರೆ ಅವಳಿಗೆ ನಗು. ಆದರೆ ಪಂಚಾಂಗದ ವಿಷಯದಲ್ಲಿ ಮಾತ್ರ ಬಲು ಬಿಗಿ. ನಾವು ಸೋಮವಾರ ಎಂಟಕ್ಕೆ ಮನೆ ಬಿಡುತ್ತೇವೆ ಎಂದು ತಿಳಿದಿದ್ದೇ, "ಅಯ್ಯೋ ಟೀಚರಮ್ಮ, ಸೋಮಾರ ಏಳೂವರೆಯಿಂದ ಒಂಬತ್ತು ರಾವುಕಾಲ ಕಣ್ರವ್ವ! ಓದ್ಸಲ ಆಗಿದ್ದು ಸಾಲ್ದಾ?" ಎಂದು ಎದೆಗೆ ಕೈಯಿಟ್ಟುಕೊಂಡಳು. ರೈಲು ರಾಹುಕಾಲಕ್ಕೆ ಕಾಯುವುದಿಲ್ಲ ಎಂದೆ ನಾನು. ಅದಕ್ಕೂ ಅವಳ ಬಳಿ ಉಪಾಯವಿತ್ತು, ಪ್ರಸ್ಥಾನ. ಪ್ರಯಾಣಕ್ಕೆ ಬೇಕೇಬೇಕಾದ ಒಂದು ವಸ್ತುವನ್ನು ರಾಹುಕಾಲಕ್ಕೆ ಮುಂಚೆ ಪಕ್ಕದ ಮನೆಯಲ್ಲಿ ಇಟ್ಟುಬಿಟ್ಟರೆ ಆಯಿತು, ಪ್ರಯಾಣ ಆಗಲೇ ಶುರುವಾದ ಹಾಗೆ. ಆಮೇಲೆ ಹೊರಡುವಾಗ ಅದನ್ನು ಎತ್ತಿಕೊಂಡು ಹೋಗುವುದು. ಒಂದೇ ನಿಯಮ, ಇಟ್ಟುಕೊಂಡವರು ಅದನ್ನು ಬಿಚ್ಚಬಾರದು, ಬಿಚ್ಚಿದರೆ ಪ್ರಯಾಣ ಕೆಟ್ಟಿತು. ಭೋಪಾಲಿನ ನಂತರ ಸರೋಜಳಿಗೆ ನನಗಿಂತ ಪಂಚಾಂಗದ ಮೇಲೆ ನಂಬಿಕೆ ಹೆಚ್ಚಾಗಿದ್ದರೆ ನಾನು ದೂರುವ ಹಾಗಿರಲಿಲ್ಲ. ಸೋಮವಾರ ಏಳಕ್ಕೆ ತನ್ನ ನೀಲಿ ಕೈಚೀಲವನ್ನು ಪುಟ್ಟತಾಯಮ್ಮನ ಮನೆಯಲ್ಲಿಟ್ಟು ಬಂದಳು. ಅದರಲ್ಲಿ ಆಧಾರ್ ಕಾರ್ಡು, ಕ್ರೀಡಾಕೂಟದ ಪತ್ರ, ಕನ್ನಡಕ, ಅವಳ ಫೋನು. "ಹೊರಡುವಾಗ ಚೀಲ ತಗೊಳ್ಳೋದು ನಿಮ್ಮ ಜವಾಬ್ದಾರಿ" ಅಂದಳು. ನಾನು ಅದನ್ನೂ ಪಟ್ಟಿಯಲ್ಲಿ ಬರೆದುಕೊಂಡೆ: ಏಳು ಐವತ್ತೆಂಟು, ಚೀಲ.

ಏಳು ಐವತ್ತೆಂಟಕ್ಕೆ ನಾನು ಗುಂಡಿದ್ದ ಪೆಟ್ಟಿಗೆಯನ್ನು ಆಟೋಗೆ ಎತ್ತುತ್ತಿದ್ದೆ. "ಏನ್ ಸಾರ್ ಒಳಗೆ, ಒರಳುಕಲ್ಲಾ?" ಅಂದ ಆಟೋದವನು. ಗಂಟೆ ಎಂಟು ದಾಟಿ ಎರಡು ನಿಮಿಷವಾಗಿತ್ತು. ಎರಡು ನಿಮಿಷ ತಡ! ಪಟ್ಟಿಯಲ್ಲಿ ಮುಂದಿನ ಸಾಲು ಬಸ್‌ಸ್ಟ್ಯಾಂಡ್ ಎಂದಿತ್ತು. ನನ್ನ ಕಣ್ಣು ಆ ಸಾಲಿಗೆ ಹೋಯಿತು, ಮೇಲಿನ ಸಾಲು ಮನಸ್ಸಿನಿಂದ ಜಾರಿತು. ಹೋಗು, ಹೋಗು ಎಂದೆ. ಸರೋಜ ಚೀಲ ಪೆಟ್ಟಿಗೆಯ ಪಕ್ಕದಲ್ಲಿದೆ ಎಂದುಕೊಂಡಳು. ಆಟೋ ಹೊರಟಿತು.

ಕೆ.ಆರ್. ನಗರದ ರೈಲು ಸಿಕ್ಕಿತು. ಸೀಟೂ ಸಿಕ್ಕಿತು. ಒಂದನೆಯ ಕೊಂಡಿ, ಎರಡನೆಯ ಕೊಂಡಿ ಎಂದು ನಾನು ಬೆರಳು ಮಡಚುತ್ತಿದ್ದೆ. ಕಿಟಕಿಯಾಚೆ ಭತ್ತದ ಗದ್ದೆಗಳು ಓಡುತ್ತಿದ್ದವು. ಸರೋಜ ಕೈ ಚಾಚಿ, "ಕನ್ನಡಕ ಕೊಡಿ, ಚೀಲದಲ್ಲಿದೆ" ಅಂದಳು.

ಆ ಕ್ಷಣವನ್ನು ವರ್ಣಿಸುವ ಶಕ್ತಿ ನನಗಿಲ್ಲ. ಪೆಟ್ಟಿಗೆಯ ಪಕ್ಕ ನೋಡಿದೆ, ಸೀಟಿನ ಕೆಳಗೆ ನೋಡಿದೆ, ಕೊನೆಗೆ ಪಟ್ಟಿ ತೆಗೆದು ನೋಡಿದೆ. ನನ್ನ ಮುಖ ನೋಡಿಯೇ ಅವಳಿಗೆ ಗೊತ್ತಾಯಿತು. ಆಧಾರ್ ಇಲ್ಲದೆ ವಿಮಾನ ನಿಲ್ದಾಣದ ಬಾಗಿಲು ದಾಟುವಂತಿಲ್ಲ. ಆಧಾರಿನ ಫೋಟೋ ಇರುವ ಫೋನು ಅದೇ ಚೀಲದಲ್ಲಿ. ಮೈಸೂರಿನಲ್ಲಿಳಿದು ಹುಣಸೂರಿಗೆ ಹೋಗಿ ತಿರುಗಿ ಬಂದರೆ ವಿಮಾನ ಹಾರಿರುತ್ತದೆ. ಪುಟ್ಟತಾಯಮ್ಮನ ನಂಬರು ಸರೋಜಳ ಫೋನಿನಲ್ಲಿ ಮಾತ್ರ ಇತ್ತು. ಸರೋಜಳ ಫೋನಿಗೇ ಫೋನ್ ಮಾಡಿದೆ. ರಿಂಗಾಯಿತು, ಆಯಿತು, ಆಯಿತು, ನಿಂತಿತು. ಹತ್ತು ಸಲ ಮಾಡಿದೆ, ಎತ್ತುವವರಿಲ್ಲ. ಕೊನೆಗೆ ನಮ್ಮ ಬೀದಿಯ ದಿನಸಿ ಅಂಗಡಿಯ ಶೆಟ್ಟರಿಗೆ ಫೋನ್ ಮಾಡಿ ಪುಟ್ಟತಾಯಮ್ಮನನ್ನು ಕರೆಯಿರಿ ಎಂದೆ. "ಅವ್ರೆಲ್ಲಿ ಸ್ವಾಮಿ, ಬೀಗ ಹಾಕಿದ್ದಾರೆ. ಒಂದು ನೀಲಿ ಚೀಲ ತಬ್ಬಿಕೊಂಡು ಬಸ್‌ಸ್ಟ್ಯಾಂಡ್ ಕಡೆ ಬಿದ್ದಂಬೀಳ ಓಡಿದ್ರು. ಹಸ ನೋಡ್ಕೊಳ್ಳಿ ಅಂತ ನನಗೆ ಹೇಳಿ, ಅವ್ರ ಫೋನೂ ಇಲ್ಲೇ ಬಿಟ್ಟು ಹೋಗಿದ್ದಾರೆ" ಅಂದರು.

ಎಲ್ಲಿಗೆ ಓಡಿದಳು? ಕೆ.ಆರ್. ನಗರದ ಸ್ಟೇಷನ್ನಿಗೋ, ಮೈಸೂರಿನ ಸ್ಟೇಷನ್ನಿಗೋ? ಮೈಸೂರಿನಲ್ಲಿ ಇಳಿದು ಎಲ್ಲ ಪ್ಲಾಟ್‌ಫಾರಮ್ಮುಗಳಲ್ಲೂ ಹುಚ್ಚನ ಹಾಗೆ ಹುಡುಕಿದೆ. ಕಾಣಲಿಲ್ಲ. ಬೆಂಗಳೂರಿನ ರೈಲು ಹೊರಡಲು ಆರೇ ನಿಮಿಷ. ಇಲ್ಲೇ ಕಾಯೋಣ ಎಂದೆ ನಾನು. ಸರೋಜ ಪೆಟ್ಟಿಗೆ ಎಳೆದುಕೊಂಡು ರೈಲು ಹತ್ತಿದಳು. "ಹತ್ರೀ. ಅವಳಿಗೆ ನಿಮ್ಮ ರೈಲು ಯಾವ್ದೂ ಗೊತ್ತಿಲ್ಲ. ನಾನು ವಿಮಾನ ಹತ್ತೋದು ಗೊತ್ತು. ಅಲ್ಲಿಗೇ ಬರ್ತಾಳೆ." ಮೈಸೂರಿನಾಚೆ ಎಂದೂ ಕಾಲಿಡದ ಹೆಂಗಸು ಅಷ್ಟು ದೂರ ಬರುತ್ತಾಳೆಯೇ ಎಂದು ಕೇಳಬೇಕೆನ್ನಿಸಿತು. ಸರೋಜಳ ಕಣ್ಣು ತುಂಬಿತ್ತು, ನಾನೂ ಹತ್ತಿದೆ.

ಮದ್ದೂರಿನಲ್ಲಿ ಬಿಸಿ ವಡೆ ಬಂತು, ತಿರುಗಿ ನೋಡಲಿಲ್ಲ. ನನ್ನ ಜೀವನದಲ್ಲಿ ಅಂಥದ್ದು ಅದೇ ಮೊದಲು. ಮೂರನೆಯ ಕೊಂಡಿ ಸರಿಹೋಯಿತು, ನಾಲ್ಕನೆಯದೂ ಸರಿಹೋಯಿತು. ನನ್ನ ಬದುಕಿನ ಅತಿ ದೊಡ್ಡ ವಿಜಯ ಒಂದೊಂದೇ ಕೊಂಡಿಯಾಗಿ ಕೂಡಿಕೊಳ್ಳುತ್ತಿತ್ತು, ನನಗೆ ಮಾತ್ರ ಅದು ಸಾವಿನ ಮನೆಗೆ ಹೋಗುತ್ತಿರುವ ಹಾಗೆ ಇತ್ತು. ವಿಮಾನ ನಿಲ್ದಾಣದ ಪಕ್ಕದ ಆ ಪುಟ್ಟ ಸ್ಟೇಷನ್ನಿನಲ್ಲಿ ಇಳಿದು ಚಿಕ್ಕ ಬಸ್ಸಿಗೆ ಹೋಗಲು ಪಟ್ಟಿಯಲ್ಲಿ ನಾಲ್ಕು ನಿಮಿಷ ಇಟ್ಟಿದ್ದೆ. ಗುಂಡಿನ ಪೆಟ್ಟಿಗೆಯನ್ನು ಇಳಿಸುವುದಕ್ಕೇ ಆರು ನಿಮಿಷವಾಯಿತು. ಬಸ್ಸು ನಮ್ಮ ಕಣ್ಣೆದುರೇ ಹೋಯಿತು. ಮುಂದಿನದಕ್ಕೆ ಅರ್ಧ ಗಂಟೆ. ಬಟಾಬಯಲಿನಲ್ಲಿ ಬಿಸಿಲಿಗೆ ನಿಂತೆವು. ತಲೆಯ ಮೇಲೆ ವಿಮಾನಗಳು ಒಂದರ ಹಿಂದೆ ಒಂದು ಹಾರುತ್ತಿದ್ದವು. "ಸರೋಜ, ತಪ್ಪಾಯ್ತು" ಅಂದೆ. ಅವಳು ನೀರಿನ ಬಾಟಲಿ ನನ್ನ ಕೈಗೆ ಕೊಟ್ಟಳು.

ಟರ್ಮಿನಲ್ ಮುಟ್ಟಿದಾಗ ನಾಲ್ಕೂ ಹತ್ತು. ನಾಲ್ಕೂ ಮುಕ್ಕಾಲಿಗೆ ಪೆಟ್ಟಿಗೆ ಕೊಡುವ ಕೌಂಟರು ಮುಚ್ಚುತ್ತದೆ. ಎಷ್ಟು ಬಾಗಿಲು, ಎಷ್ಟು ಜನ! ಇಷ್ಟರಲ್ಲಿ ಒಬ್ಬ ಹಾಲಿನ ಪುಟ್ಟತಾಯಮ್ಮನನ್ನು ಎಲ್ಲಿ ಹುಡುಕುವುದು? ಅಷ್ಟರಲ್ಲಿ ನನ್ನ ತಲೆಗೆ ಏನೋ ಹೊಳೆದು ಸರೋಜಳ ಫೋನಿಗೆ ಮತ್ತೊಮ್ಮೆ ಫೋನ್ ಮಾಡಿದೆ. ಮೂರನೆಯ ಬಾಗಿಲಿನ ಕಂಬದ ಬುಡದಲ್ಲಿ ರಿಂಗಾಯಿತು. ಕಂಬಕ್ಕೆ ಒರಗಿ, ಕಾಲು ಚಾಚಿ, ನೀಲಿ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಪುಟ್ಟತಾಯಮ್ಮ ಬಾಳೆಹಣ್ಣು ತಿನ್ನುತ್ತಿದ್ದಳು.

"ಏನ್ ಟೀಚರಮ್ಮ, ಎಷ್ಟೊತ್ ಕಾಯ್ಸೋದು! ನಾ ಬಂದು ಒಂದ್ ಗಂಟೆ ಆಯ್ತು ಕಣ್ರವ್ವ" ಅಂದಳು. ಸರೋಜ ಅವಳನ್ನು ತಬ್ಬಿಕೊಂಡು ಗಳಗಳ ಅತ್ತಳು. ನನಗೆ ಮಾತ್ರ ಕುತೂಹಲ ತಡೆಯಲಾಗಲಿಲ್ಲ. ಹೇಗೆ ಬಂದೆ ತಾಯಿ ಎಂದೆ. "ಎಂಗೇನು ಬತ್ತಾರೆ? ಇಮಾನದ್ ತಾವ ಓಗ್ಬೇಕು ಕಣಪ್ಪಾ ಅಂದೆ. ಕಂಡಕ್ಟ್ರು ಮೈಸೂರಲ್ಲಿ ಇಳ್ಕಂಡು ಇಂಥಾ ಬಸ್ ಅತ್ತವ್ವ ಅಂದ. ಅತ್ದೆ. ಅದೇ ತಂದು ಇಲ್ಲಿ ಬುಡ್ತು." ಹಾಗಾದರೆ ಫೋನು ಏಕೆ ಎತ್ತಲಿಲ್ಲ ಎಂದು ಕೇಳಿದೆ. ನನ್ನನ್ನು ದಡ್ಡನನ್ನು ನೋಡುವ ಹಾಗೆ ನೋಡಿದಳು. "ಸರಿಹೋಯ್ತು ಬುಡಿ! ಪರಸ್ತಾನದ ಚೀಲ ಬಿಚ್ಚಕ್ಕಾದದಾ ಸಿದ್ದಣ್ಣ? ದಾರಿಯುದ್ದಕ್ಕೂ ಬಡ್ಕತಿತ್ತು. ಬಸ್ನೋರೆಲ್ಲ ನನ್ನೇ ನೋಡೋರು. ಬಿಚ್ಚುದ್ರೆ ಟೀಚರಮ್ಮನ ಪ್ರಯಾಣ ಕೆಡಾಕಿಲ್ವಾ?"

ಸರೋಜ ಒಳಗೆ ಹೋದಳು. ಗುಂಡಿನ ಪೆಟ್ಟಿಗೆಯೂ ಹೋಯಿತು. ಮರುದಿನ ಕಂಚಿನ ಪದಕ ಹಾಕಿಕೊಂಡು ಫೋಟೋ ಕಳಿಸಿದಳು. ಸೋಮವಾರ ನಾನು ಊರಿಗೆ ವಾಪಸು ಬಂದಿದ್ದು ಪುಟ್ಟತಾಯಮ್ಮನ ಜೊತೆ ಅವಳ ಬಸ್ಸಿನಲ್ಲಿ. ಹೊಂದಿಕೊಳ್ಳುವ ರೈಲುಗಳ ಬಗ್ಗೆ ಅವಳಿಗೆ ವಿವರಿಸಬೇಕೆಂದಿದ್ದೆ. ಕುಣಿಗಲ್ಲೋ ಮದ್ದೂರೋ ಗೊತ್ತಾಗದ ಹಾಗೆ ನಿದ್ದೆ ಹೋಗಿದ್ದೆ. ಮರುದಿನ ಪತ್ರಿಕೆಗೆ ಪತ್ರ ಮಾತ್ರ ಬರೆದೆ: ಹುಣಸೂರಿನಿಂದ ವಿಮಾನದವರೆಗೆ ಐದು ಕೊಂಡಿಗಳು ಹೊಂದಿಕೊಳ್ಳುವುದನ್ನು ಖುದ್ದು ಕಂಡಿದ್ದೇನೆ ಎಂದು. ಅವರು ಹಾಕಲಿಲ್ಲ.

ಈ ವರ್ಷ ಸರೋಜ ಮತ್ತೆ ಆಯ್ಕೆಯಾದಳು, ಇಂದೋರಿಗೆ. ಮತ್ತೆ ವಿಮಾನ, ಮತ್ತೆ ಸೋಮವಾರ, ಮತ್ತೆ ರಾಹುಕಾಲ. "ಈ ಸಲ ಚೀಲ ನನ್ನ ಹೆಗಲಲ್ಲೇ ಇರತ್ತೆ. ಪ್ರಸ್ಥಾನಕ್ಕೆ ನೀವೇ ಹೋಗಿ ಕೂತ್ಕೊಳ್ಳಿ, ಹೊರಡುವಾಗ ಕರ್ಕೊಂಡು ಹೋಗ್ತೀನಿ" ಅಂದಳು. ನನಗೆ ಒಳಗೊಳಗೇ ಹೆಮ್ಮೆಯಾಯಿತು. ಪ್ರಯಾಣಕ್ಕೆ ಬೇಕೇಬೇಕಾದ ವಸ್ತುವನ್ನಲ್ಲವೇ ಪ್ರಸ್ಥಾನಕ್ಕೆ ಇಡುವುದು! ಏಳಕ್ಕೇ ಪುಟ್ಟತಾಯಮ್ಮನ ಜಗಲಿಯ ಮೇಲೆ ಹೊಸ ಪಟ್ಟಿ ಹಿಡಿದು ಕುಳಿತೆ. ಎಂಟಕ್ಕೆ ನಮ್ಮ ಮನೆ ಮುಂದೆ ಆಟೋ ಬಂತು. ಸರೋಜ ಪೆಟ್ಟಿಗೆ ಇಟ್ಟಳು, ಬೀಗ ಹಾಕಿದಳು, ಚೀಲ ಮುಟ್ಟಿ ನೋಡಿಕೊಂಡಳು, ಹತ್ತಿದಳು. ಆಟೋ ಮೂಲೆಯಲ್ಲಿ ತಿರುಗಿತು.

ಹಾಲಿನ ಪಾತ್ರೆ ಹಿಡಿದು ಕೊಟ್ಟಿಗೆಯಿಂದ ಬಂದ ಪುಟ್ಟತಾಯಮ್ಮ ನನ್ನನ್ನು ನೋಡಿ, ಖಾಲಿ ಬೀದಿಯನ್ನು ನೋಡಿ, "ಅಯ್ಯೋ ಸಿದ್ದಣ್ಣ, ಬುಟ್ಟೇ ಓದ್ರಾ!" ಅಂದಳು. ನಾನು ಅವಳ ಕಡೆ ಆಸೆಯಿಂದ ನೋಡಿದೆ. ಬಸ್‌ಸ್ಟ್ಯಾಂಡಿಗೆ ಓಡುವವಳು, ಮೈಸೂರಿನ ಬಸ್ಸು ಹತ್ತುವವಳು, ಮರೆತದ್ದನ್ನು ಮುಟ್ಟಿಸಿ ಬರುವವಳು ಊರಿಗೆ ಅವಳೊಬ್ಬಳೇ. ಅವಳು ಬೀದಿಯ ಮೂಲೆಯನ್ನು ಇನ್ನೊಮ್ಮೆ ನೋಡಿದಳು. ಆಮೇಲೆ ಹಾಲಿನ ಪಾತ್ರೆಯನ್ನು ಒಲೆಯ ಮೇಲಿಟ್ಟು, ಕಾಪಿಗೆ ಸಕ್ರೆ ಎಷ್ಟು ಹಾಕ್ಲಿ ಎಂದು ಕೇಳಿದಳು.