ಮಡಿವಾಳಪ್ಪನ ಮೋಟಾರು ಲೆಕ್ಕ

ದೀಪಾವಳಿಯೊಳಗೆ ದಾಸನಕೊಪ್ಪಕ್ಕೆ ಕರೆಂಟು ಬರುತ್ತದೆಂದು ಯಾರೋ ಹೇಳಿದ್ದೇ ತಡ, ಸಾವ್ಕಾರ ಚಂದ್ರಶೇಖರಪ್ಪನವರು ತಮ್ಮ ಅಕ್ಕಿ ಗಿರಣಿಯ ಡೀಸೆಲ್ ಇಂಜಿನನ್ನು ಮಾರಿ, ಹುಬ್ಬಳ್ಳಿಯಿಂದ ಇಪ್ಪತ್ತು ಅಶ್ವಶಕ್ತಿಯ ಕರೆಂಟ್ ಮೋಟಾರು ತಂದುಬಿಟ್ಟರು. ದೀಪಾವಳಿ ಬಂತು, ಕಂಬ ಬರಲಿಲ್ಲ. ಅಷ್ಟರಲ್ಲಿ ಮೋಟಾರಿಗೆ ಮುಹೂರ್ತ ಇಟ್ಟು ಊರಿಗೆಲ್ಲ ಹೇಳಿಯಾಗಿತ್ತು.

ಮುಹೂರ್ತದ ದಿನ ಬೆಳಿಗ್ಗೆ ಮಡಿವಾಳಪ್ಪನಿಗೆ ಸಾವ್ಕಾರರಿಂದ ಕರೆ ಬಂತು. ಒಂಬತ್ತು ವರ್ಷ ಇಂಜಿನ್ ಡ್ರೈವರನಾಗಿದ್ದವನು ಈಗ ಅದೇ ಗಿರಣಿಯಲ್ಲಿ ಚೀಲ ಹೊರುತ್ತಿದ್ದ. ರಸ್ತೆ ಗುತ್ತಿಗೆದಾರರ ಕ್ಯಾಂಪಿನಲ್ಲಿ ಜನರೇಟರುಗಳು ಖಾಲಿ ಬಿದ್ದಿದ್ದವು. ಯಾವುದನ್ನು ಬೇಕಾದರೂ ಒಯ್ಯಿರಿ ಎಂದಿದ್ದರು.

"ಎಷ್ಟು ದೊಡ್ಡದು ಬೇಕು, ನೀನ ಹೇಳು. ಸಂಜಿ ನಾಕಕ್ಕ ಮೋಟಾರ್ ತಿರುಗಿದ್ರ ಅದರ ಉಸ್ತುವಾರಿ ನಿಂದ. ಇಲ್ಲಾಂದ್ರ ಚೀಲಾನ ಕಾಯಂ" ಎಂದರು ಸಾವ್ಕಾರರು.

ಮಡಿವಾಳಪ್ಪನಿಗೆ ಇಂಜಿನ್ನು ಅಂಗೈ ನೆಲ್ಲಿಕಾಯಿ. ಕರೆಂಟು ಮಾತ್ರ ದೇವರಾಣೆಗೂ ಗೊತ್ತಿರಲಿಲ್ಲ. ಹಾಗೆಂದು ಹೇಳುವ ಧೈರ್ಯವಾಗದೆ ಶಾಲೆಗೆ ಓಡಿದ. ಮಾಸ್ತರರು ಹಲಗೆಯ ಮೇಲೆ ಗುಣಿಸಿ, ಇಪ್ಪತ್ತು ಅಶ್ವಶಕ್ತಿಯೆಂದರೆ ಹದಿನೈದು ಕಿಲೋವ್ಯಾಟ್ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದರು. ಎರಡು ಗೆರೆ ಎಳೆದ ಮೇಲೆ ಅನುಮಾನ ಪಡುವುದು ಹೇಗೆ?

ಮಧ್ಯಾಹ್ನ ಹದಿನೈದರ ಜನರೇಟರು ಬಂತು. ಗುಂಡಿ ಒತ್ತಿದರೆ ಮೋಟಾರು ಗುಂಯ್ ಎಂದು ಮಿಸುಕಾಡಿತು. ಜನರೇಟರು ನಾಲ್ಕು ಸಲ ಕೆಮ್ಮಿ ತಣ್ಣಗಾಯಿತು. ನೆರೆದವರೆಲ್ಲ ಇಂಜಿನಿಯರರಾದರು. ಒಬ್ಬ ಎಣ್ಣೆ ಬಿಡು ಎಂದ, ಇನ್ನೊಬ್ಬ ಸಾಕು ಎಂದ. ಮೋಟಾರಿನ ಮೋರೆ ದಕ್ಷಿಣಕ್ಕಿದೆ ಎಂದು ಯಾರೋ ಹೇಳಿದ್ದಕ್ಕೆ ಆರು ಜನ ಸೇರಿ ಅದನ್ನು ಪೂರ್ವಕ್ಕೆ ತಿರುಗಿಸಿದರು. ಮಡಿವಾಳಪ್ಪನ ತಲೆಯೇ ಗಿರಣಿಯಾಯಿತು.

ಗಾಡಿ ಹೊಡೆಯುವ ಕೆರಿಯಪ್ಪ ಬೀಡಿ ಆರಿಸಿ ಹತ್ತಿರ ಬಂದ. "ಗಾಡಿ ಕೆಸರಾಗ ಹೂತ್ರ ಎಬ್ಬಿಸಾಕ ಮೂರು ಜೋಡಿ ಎತ್ತು ಕಟ್ತೀವಿ. ಎದ್ದು ಹೊಂಟ ಮ್ಯಾಲ ಒಂದ ಜೋಡಿ ಸಾಕು. ಇದೂ ಹಂಗ ಇರಬೇಕು ನೋಡು."

ಮೂರು ಹದಿನೈದಲೆ ನಲವತ್ತೈದು. ಮಡಿವಾಳಪ್ಪ ಕೆರಿಯಪ್ಪನ ಗಾಡಿಯಲ್ಲೇ ಕ್ಯಾಂಪಿಗೆ ಹೋಗಿ, ಒಂದಿಷ್ಟು ಹೆಚ್ಚೇ ಇರಲೆಂದು ಐವತ್ತರದನ್ನು ಕೇಳಿದ. ಅದು ಲಾರಿಯಲ್ಲಿ ಬಂತು, ಮನೆಯಷ್ಟು ದೊಡ್ಡ ಡೀಸೆಲ್ ಇಂಜಿನ್ನಿನೊಂದಿಗೆ. ಬೇರೆಯವರು ಮುಟ್ಟಕೂಡದೆಂದು ಮಧುಕೇಶ್ವರ ಎಂಬ ಅದರ ಡ್ರೈವರನೂ ಜೊತೆಗೇ ಇಳಿದ. ಅಷ್ಟರಲ್ಲಿ ಸಾವ್ಕಾರರ ತಾಯಿ ಗಿರಿಜವ್ವ, ಮುಹೂರ್ತಕ್ಕೆ ಗಿರಣಿಯ ಬಾಯಿ ಬರಿದಿರಬಾರದೆಂದು ಮೂರು ಚೀಲ ಭತ್ತ ಸುರಿಸಿಬಿಟ್ಟಿದ್ದರು. ಕಟ್ಟಿದ ಭಾರದೊಂದಿಗೇ ಮೋಟಾರು ಏಳಬೇಕು. ಮಡಿವಾಳಪ್ಪ ಕಣ್ಣು ಮುಚ್ಚಿ ಗುಂಡಿ ಒತ್ತಿದ.

ಜನರೇಟರಿಗೆ ಕಟ್ಟಿದ್ದ ದೀಪಗಳು ಒಮ್ಮೆ ಮಂಕಾದವು, ಮೋಟಾರು ಎದ್ದಿತು, ಬೆಲ್ಟು ಓಡಿತು, ಅಕ್ಕಿ ಸುರಿಯಿತು. ಸಾವ್ಕಾರರು ಮೋಟಾರಿಗೆ ತಂದ ಹಾರವನ್ನು ಮಡಿವಾಳಪ್ಪನ ಕೊರಳಿಗೆ ಹಾಕಿದರು. ಅವನಿಗೆ ಅಳುವೇ ಬಂತು.

ಗಿರಿಜವ್ವ ಇಂಜಿನ್ನು, ಜನರೇಟರು, ತಂತಿ, ಮೋಟಾರು, ಗಿರಣಿ ಎಲ್ಲವನ್ನೂ ಒಂದು ಸುತ್ತು ನೋಡಿ ಬಂದರು.

"ಚಂದ್ರಾ, ಇಂಜಿನ್ ಕರೆಂಟ್ ಮಾಡ್ತೈತಿ, ಕರೆಂಟ್ ಮೋಟಾರ್ ತಿರುಗಸ್ತೈತಿ, ಮೋಟಾರ್ ಗಿರಣಿ ತಿರುಗಸ್ತೈತಿ. ಬೆಲ್ಟು ಇಂಜಿನ್ನಿಗೇ ಹಾಕಿದ್ರ ಏನಾಕ್ಕೈತಿ?"

ಮಧುಕೇಶ್ವರ ತಲೆ ಕೆರೆದುಕೊಂಡು, ಆಗುತ್ತದೆ ಎಂದ. ಗಂಟೆಯೊಳಗೆ ಮೋಟಾರು ಬಿಚ್ಚಿ ಬೆಲ್ಟನ್ನು ಇಂಜಿನ್ನಿಗೆ ತೊಡಿಸಿಯೂ ಆಯಿತು.

"ಉಸ್ತುವಾರಿ ನಂದು ಅಂದಿದ್ರಿ, ಸಾವ್ಕಾರ್ರ" ಎಂದ ಮಡಿವಾಳಪ್ಪ, ಹಾರ ತೆಗೆಯುತ್ತ.

"ಮಾತು ತಪ್ಪಾಂವಲ್ಲ ನಾನು. ಇಂಜಿನ್ನಿಗೆ ಮಧುಕೇಶ್ವರ ಅದಾನ. ಮೋಟಾರಿನ ಉಸ್ತುವಾರಿ ನಿಂದ. ಗೋದಾಮಿನ್ಯಾಗ ಇಟ್ಟು ಇಲಿ ಹೋಗದಂಗ ನೋಡ್ಕೋ. ಕಂಬ ಬರೂತನಾ ಚೀಲ ಹೊರು."