ಎರಡೇ ಎರಡು ಮಾತು

ಬಹಳ ಹಿಂದೆ, ಅಂದರೆ ಮೈಕು ಬಂದ ಮೇಲೆ, ಗಳಹಾವತಿ ಎಂಬ ರಾಜ್ಯವಿತ್ತು. ಅದನ್ನಾಳುತ್ತಿದ್ದವನು ಶ್ರೀಮನ್ಮಹಾರಾಜ ಮುಖರಭೂಪಾಲ. ಅವನು ಕತ್ತಿ ಹಿಡಿದು ಗೆದ್ದ ಯುದ್ಧ ಒಂದೂ ಇಲ್ಲ. ಸಂಧಾನಕ್ಕೆ ಬಂದ ಶತ್ರುಗಳು ಸ್ವಾಗತ ಭಾಷಣದ ನಡುವೆಯೇ ಕೋಟೆಯ ಬೀಗದ ಕೈ ಒಪ್ಪಿಸಿ ಓಡಿಬಿಡುತ್ತಿದ್ದರು.

ಒಮ್ಮೆ ಗಾಣದ ಮಾದಯ್ಯನ ಮಗಳು ಚೆನ್ನಾಜಿಯ ಮದುವೆ. ಪ್ರಜಾಸಂಪರ್ಕ ಯೋಜನೆಯಡಿ ಮಹಾರಾಜರು ಕರೆಯದೆಯೇ ದಯಮಾಡಿಸಿದರು. ವರ ಚಿಕ್ಕಲಿಂಗ ಆಗಷ್ಟೇ ತಾಳಿ ಕೈಗೆತ್ತಿಕೊಂಡಿದ್ದ.

“ಎರಡೇ ಎರಡು ಮಾತಾಡಿ ಹರಸುತ್ತೇನೆ” ಎಂದ ಅರಸ.

ಮೊದಲ ಮಾತು ಬ್ರಹ್ಮಾಂಡದ ಉತ್ಪತ್ತಿಯಿಂದ ಹೊರಟಿತು. ಸೂರ್ಯವಂಶ, ಚಂದ್ರವಂಶಗಳನ್ನು ದಾಟಿ ಅರಸನ ಬಾಲ್ಯದ ಮಂಗನಬಾವು ರೋಗಕ್ಕೆ ಬಂತು. “ಬಾಯಿ ತೆರೆಯಲಾಗದ ಆ ದಿನಗಳಲ್ಲಿ ನಾಡು ಅನಾಥವಾಗಿತ್ತು” ಎಂದು ಅವನು ಕಣ್ಣೊರೆಸಿಕೊಂಡ. ಸಾರು ಆರಿತು. ಪುರೋಹಿತರ ಕೈಯಲ್ಲಿ ಅಕ್ಷತೆ ಬೆವರಿತು.

ಮಾದಯ್ಯ ಚಪ್ಪಾಳೆ ಖಾತೆಯ ಮಂತ್ರಿ ಸ್ತುತಿಕೀರ್ತಿಯ ಬಳಿ ತೆವಳಿದ. “ಬುದ್ಧಿ, ಮುಹೂರ್ತ ಮೀರ್ತಾ ಅದೆ.”

“ಗಾಬರಿ ಬೇಡ. ಗ್ರಹಗಳಿಗೆ ಮೆಮೊ ಹೋಗಿದೆ. ಅವು ಕಾಯುತ್ತವೆ.”

ಹಸೆಯ ಮೇಲೆ ಚೆನ್ನಾಜಿ ಪಿಸುಗುಟ್ಟಿದಳು: “ಏನ್ರೀ, ಕಟ್ತೀರೋ ಇಲ್ವೋ?”

“ಮಹಾರಾಜ್ರು ಮುಗಿಸ್ಲಿ ಇರು.”

“ಅವ್ರು ಮುಗ್ಸೋ ಹೊತ್ಗೆ ನಮ್ ಮೊಮ್ಮಕ್ಳ ಲಗ್ನ ಬತ್ತದೆ!”

ಅರಸ ಆಗ “ಇದು ಪೀಠಿಕೆ, ಇನ್ನು ವಿಷಯಕ್ಕೆ ಬರುತ್ತೇನೆ” ಎಂದ. ಚೆನ್ನಾಜಿಗೆ ತಡೆಯಲಾಗಲಿಲ್ಲ. ಹಸೆಯ ಮೇಲಿಂದಲೇ ಕೈಯೆತ್ತಿ ಕೂಗಿದಳು: “ಗಟ್ಟಿಮೇಳ! ಗಟ್ಟಿಮೇಳ!”

ವಾಲಗದವರು ಬೆಳಗಿನಿಂದ ಕಾದಿದ್ದರು. ಡೋಲು ಗುಡುಗಿತು, ನಾಗಸ್ವರ ಕಿರುಚಿತು, ಮೈಕು ಮೂರ್ಛೆ ಹೋಯಿತು. ಅರಸನ ತುಟಿಗಳು ಮಾತ್ರ ಆಡುತ್ತಿದ್ದವು. ಅಷ್ಟರಲ್ಲಿ ಚಿಕ್ಕಲಿಂಗ ಮೂರು ಗಂಟು ಬಿಗಿದ. ಅಕ್ಷತೆಯ ಮಳೆ ಸುರಿಯಿತು. ಮುದುಕಿಯರು ಎದ್ದು ಕುಣಿದರು. ಯಾರೋ ಬಾಣಸಿಗನನ್ನು ಹೆಗಲ ಮೇಲೆ ಹೊತ್ತರು.

ಸದ್ದಡಗಿದಾಗ ಅರಸನ ಮುಖ ಕೆಂಪಾಗಿತ್ತು. “ಏನಿದು?”

ಸ್ತುತಿಕೀರ್ತಿ ಸಾಷ್ಟಾಂಗ ಬಿದ್ದ. “ಪ್ರಭು, ತಮ್ಮ ಮಾತು ಕೇಳಿ ವಾದ್ಯಗಳಿಗೂ ತಡೆಯಲಾಗಲಿಲ್ಲ. ಅವು ಚಪ್ಪಾಳೆ ತಟ್ಟಿದವು!”

ಅರಸ ಕರಗಿದ. “ಹಾಗಾದರೆ ಇನ್ನು ಮುಂದೆ ನಾಡಿನ ಡೋಲು, ನಾಗಸ್ವರಗಳೆಲ್ಲ ನಮ್ಮ ಭಾಷಣಕ್ಕೇ ಮೀಸಲು.”

“ಮದುವೆಗಳು, ಪ್ರಭು?”

“ಮೌನವಾಗಿ ನಡೆಯಲಿ.”

ಮೌನ ಎಂಬ ಪದ ಕೇಳಿ, ಪಕ್ಕದಲ್ಲೇ ತೂಕಡಿಸುತ್ತಿದ್ದ ಬೊಕ್ಕಸದ ಮಂತ್ರಿ ಬೆಚ್ಚಿ ಎಚ್ಚೆತ್ತ. “ಪ್ರಭು! ಮಾತು ಬೆಳ್ಳಿ, ಮೌನ ಬಂಗಾರವೆಂದು ಹಿರಿಯರೇ ಹೇಳಿದ್ದಾರೆ. ಇಷ್ಟು ಬಂಗಾರ ಜನರ ಬಾಯಲ್ಲಿ ತೆರಿಗೆಯಿಲ್ಲದೆ ಬಿದ್ದಿದೆಯಲ್ಲ!”

ಮಾರನೆಯ ದಿನವೇ ರಾಜಸಭೆ ಅರಸನಿಗೆ ‘ಮಿತಭಾಷಾ ಚಕ್ರವರ್ತಿ’ ಎಂಬ ಬಿರುದು ಕೊಟ್ಟು ಹೊಸ ಕಿರೀಟ ತೊಡಿಸಿತು. ಕೃತಜ್ಞತಾ ಭಾಷಣ ಇನ್ನೂ ನಡೆಯುತ್ತಿದೆಯಂತೆ.

ಇತ್ತ ಮೌನ ತೆರಿಗೆಯ ಅಧಿಕಾರಿ ಮಾದಯ್ಯನ ಮನೆಗೆ ಬಂದ. “ಮಹಾರಾಜರು ಮಾತಾಡುವಾಗ ನಿಮ್ಮ ಚಪ್ಪರದಲ್ಲಿ ಎಲ್ಲರೂ ಸುಮ್ಮನೆ ಕೂತಿದ್ದರಂತೆ. ಅಷ್ಟಕ್ಕೂ ಕಟ್ಟಬೇಕು.”

ಚೆನ್ನಾಜಿ ಹೊಸ ಓಲೆ ಬಿಚ್ಚಿಕೊಟ್ಟಳು. ಮಾದಯ್ಯ ಏನೋ ಹೇಳಲೆಂದು ಬಾಯಿ ತೆರೆದ. ಮಾತೇ ಹೊರಡಲಿಲ್ಲ.

ಅಧಿಕಾರಿ ಅದನ್ನೂ ಲೆಕ್ಕಕ್ಕೆ ಸೇರಿಸಿಕೊಂಡ.